ಅಕ್ಕ ಸುಖವಾಗಿರಲಿ

ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಇದ್ದರೆ ಇರಲಿ, ಮೂಗು ನನ್ನದೇ ತಾನೆ. ಆದರೆ ಈಗ ಹೇಳುತ್ತಿರುವುದು ಆ ದಿನನಿತ್ಯದ ಸಿಟ್ಟಿನ ಮಾತಲ್ಲ. ಸಿಟ್ಟು ಬಿಡುವುದು ಹೇಗೆಂದು ಎಂಟು ವಾರ ಕೂಡಿಸಿಕೊಂಡು ಕಲಿಸಿದವರೇ ನನ್ನ ಕಿವಿಗೆ ಹೂವಿಟ್ಟರು. ಅದನ್ನು ಹೇಳುತ್ತಿದ್ದೇನೆ.

ನಾನು ಗುರುದೇವಿ. ಹೈದರಾಬಾದಿನ ಕೂಕಟ್‌ಪಲ್ಲಿಯಲ್ಲಿ ಇಪ್ಪತ್ತಾರು ವರ್ಷಗಳಿಂದ ಬ್ಲೌಸ್ ಹೊಲಿಯುತ್ತೇನೆ. ನಮ್ಮ ಓಣಿಯ ಅಷ್ಟೂ ಹೆಂಗಸರ ಎದೆಯ ಅಳತೆ ನನಗೆ ಬಾಯಿಪಾಠ. ಹೋದ ವರ್ಷ ದಸರೆಯ ಹೊತ್ತಿಗೆ ನನ್ನದೇ ಎಡ ಮೊಲೆಯಲ್ಲಿ ಗಂಟು ಸಿಕ್ಕಿತು. ಸಂಕ್ರಾಂತಿಯ ಹೊತ್ತಿಗೆ ಮೊಲೆಯೇ ಇರಲಿಲ್ಲ. ಆಮೇಲೆ ಇಪ್ಪತ್ತೊಂದು ದಿನಕ್ಕೊಮ್ಮೆ ಕೀಮೋ. ಕೂದಲು ಹೋಯಿತು, ನಾಲಗೆಯ ರುಚಿ ಹೋಯಿತು, ನಿದ್ದೆಯೂ ಹೋಯಿತು. ಉಳಿದದ್ದು ಬಾಯಿ ಒಂದೇ. ಅದನ್ನು ನಾನು ಗಂಡನ ಮೇಲೆ ಧಾರಾಳವಾಗಿ ಬಳಸಿದೆ. ನನ್ನ ಗಂಡ ಶಾಂತಕುಮಾರ ಪಟಾನ್‌ಚೆರುವಿನ ಮಾತ್ರೆ ಕಂಪನಿಯಲ್ಲಿ ಪ್ಯಾಕಿಂಗ್ ಸೂಪರ್‌ವೈಸರ್. ಹೆಸರಿಗೆ ತಕ್ಕ ಮನುಷ್ಯ. ನಾನು ತಟ್ಟೆ ಎಸೆದರೆ ಎತ್ತಿ ತೊಳೆದಿಡುತ್ತಿದ್ದರು, ಅದನ್ನು ಕಂಡು ನನಗೆ ಇನ್ನಷ್ಟು ಉರಿಯುತ್ತಿತ್ತು.

ಕೀಮೋ ವಾರ್ಡಿನ ನರ್ಸ್ ನಮ್ಮಿಬ್ಬರನ್ನೂ ನೋಡಿ ಸಾಕಾಗಿ ಆಸ್ಪತ್ರೆಯ ನಾಲ್ಕನೇ ಮಹಡಿಗೆ ಕಳಿಸಿದಳು. ಅಲ್ಲಿ ಗುರುವಾರ ಹನ್ನೊಂದು ಗಂಟೆಗೆ ಕ್ಯಾನ್ಸರ್ ಆದವರ ಮನಸ್ಸಿಗೆಂದೇ ಒಂದು ಕ್ಲಾಸು ನಡೆಯುತ್ತಿತ್ತು. ಎಂಟು ವಾರದ್ದು. ಕಣ್ಣು ಮುಚ್ಚಿ ಉಸಿರು ಗಮನಿಸುವುದು, ಮೈಯ ಒಂದೊಂದೇ ಭಾಗಕ್ಕೆ ಮನಸ್ಸು ಒಯ್ಯುವುದು, ಬಂದ ಯೋಚನೆಯನ್ನು ಓಡಿಸದೆ, ಅದರ ಬೆನ್ನು ಹತ್ತದೆ ಸುಮ್ಮನೆ ನೋಡುವುದು. ನಡೆಸುತ್ತಿದ್ದವಳು ಸುಹಾಸಿನಿ ಎಂಬ ಸೈಕಾಲಜಿಸ್ಟ್, ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬೇಕು. ಎಲ್ಲರಿಗೂ ತೆಲುಗು, ಹಿಂದಿಯಲ್ಲಿ ಹೇಳುತ್ತಿದ್ದಳು. ಕುರ್ಚಿಯಲ್ಲಿ ಕೂರುವಾಗ ನನ್ನ ಬಾಯಿಂದ “ಯಪ್ಪಾ ಶಿವನ” ಎಂದು ಬಂದದ್ದೇ ತಡ, ಹತ್ತಿರ ಬಂದು ಬಗ್ಗಿದಳು.

“ಯಾವೂರ್ರೀ ನಿಮ್ದು? ನಾ ಧಾರವಾಡದಾಕಿ.”

ಅಷ್ಟೇ ಮಾತಿಗೆ ನಾನು ಮಾರಿಹೋದೆ. ಆರು ತಿಂಗಳಿಂದ ಡಾಕ್ಟರು ಇಂಗ್ಲಿಷಿನಲ್ಲಿ, ನರ್ಸು ತೆಲುಗಿನಲ್ಲಿ, ಸ್ಕ್ಯಾನಿಂಗಿನವನು ಹಿಂದಿಯಲ್ಲಿ ನನ್ನ ರೋಗದ ಮಾತಾಡಿದ್ದರು. ನನ್ನ ಭಾಷೆಯಲ್ಲಿ ನನ್ನನ್ನು ಕೇಳಿದವಳು ಇವಳೇ ಮೊದಲು. “ನಮ್ಮ ಹುಡುಗಿ” ಎಂದು ಅಂದೇ ಮನೆಯಲ್ಲಿ ಹೇಳಿಕೊಂಡು ತಿರುಗಿದೆ.

ಮೊದಲ ದಿನ ಒಂದು ಹಾಳೆ ಕೊಟ್ಟಳು. ಅದರಲ್ಲಿ ಥರ್ಮಾಮೀಟರಿನ ಚಿತ್ರ, ಸೊನ್ನೆಯಿಂದ ಹತ್ತರವರೆಗೆ ಗೆರೆ. ಮನಸ್ಸಿನ ಸಂಕಟ ಎಷ್ಟಿದೆಯೋ ಅಲ್ಲಿ ಗುರುತು ಹಾಕಬೇಕು. ನಾನು ಹತ್ತರ ಮೇಲೆ ಇನ್ನೊಂದು ಗೆರೆ ಎಳೆದು ಅದಕ್ಕೆ ಗುರುತು ಹಾಕಿದೆ. ಸುಹಾಸಿನಿ ನಗಲಿಲ್ಲ. “ಛಲೋ ಆತು. ಇಲ್ಲಿ ನಮ್ಮ ನಿಯಮ ಒಂದ ರೀ. ಇದ್ದದ್ದನ್ನ ಇದ್ದಂಗ ನೋಡೂದು. ಸಿಂಗಾರ ಮಾಡಂಗಿಲ್ಲ, ಮುಚ್ಚಿಡಂಗಿಲ್ಲ,” ಎಂದಳು. ಈ ಮಾತನ್ನು ನಾನು ಮನೆಗೆ ಹೋಗಿ ಗಂಡನಿಗೂ ಹೇಳಿದೆ.

ಮೈಯ ಭಾಗಗಳಿಗೆ ಮನಸ್ಸು ಒಯ್ಯುವ ಪಾಠದ ದಿನ ಎಡ ಎದೆಗೆ ಬಂದಾಗ ನಾನು ಕಣ್ಣು ಬಿಟ್ಟು, “ಇಲ್ಲಿ ಏನೂ ಇಲ್ಲಲ್ಲ, ಏನ್ ನೋಡ್ಲಿ?” ಎಂದು ರೇಗಿದೆ. ಅವಳು “ಏನೂ ಇಲ್ಲದ್ದನ್ನೂ ನೋಡ್ರಿ” ಎಂದಳು. ನೋಡಿದೆ. ಅಂದು ಮೊದಲ ಬಾರಿ ಅತ್ತೆ. ಅತ್ತ ರಾತ್ರಿ ನಾಲ್ಕು ತಾಸು ನಿದ್ದೆ ಬಂತು. ಸುಳ್ಳು ಯಾಕೆ ಹೇಳಲಿ, ಆ ಕ್ಲಾಸಿನಿಂದ ನನಗೆ ಉಪಯೋಗವಾಯಿತು.

ಇಲ್ಲಿ ನನ್ನ ಅಕ್ಕನ ವಿಷಯ ಹೇಳಬೇಕು. ಸುಂದರಾಬಾಯಿ, ನನಗಿಂತ ಒಂಬತ್ತು ವರ್ಷ ದೊಡ್ಡವಳು, ಕೊಟ್ಟದ್ದು ಹುಮನಾಬಾದಿಗೆ. ಅವ್ವ ಬೇಗ ಹೋದದ್ದರಿಂದ ನನಗೆ ಜಡೆ ಹಾಕಿದವಳೂ ಅವಳೇ, ಬೆನ್ನಿಗೆ ಗುದ್ದಿದವಳೂ ಅವಳೇ. ಆರು ವರ್ಷದ ಹಿಂದೆ ನನ್ನ ಮಗಳು ಐಶ್ವರ್ಯಾಳ ಮದುವೆ ಗೊತ್ತಾಯಿತು. ಮೊದಲ ಪತ್ರಿಕೆಯನ್ನು ಅಕ್ಕನ ಮನೆಗೆ ನಾನೇ ಹೋಗಿ, ಕುಂಕುಮ ಹಚ್ಚಿ, ಉಡಿ ತುಂಬಿ ಕೊಡಬೇಕಿತ್ತು. ನಮ್ಮಲ್ಲಿ ಅದು ಬಿಡುವಂಥ ಪದ್ಧತಿಯಲ್ಲ. ಆದರೆ ಆ ತಿಂಗಳು ನನ್ನ ಮಷಿನ್ನಿನ ಮುಂದೆ ಮದುವೆ ಸೀಸನ್ನಿನ ಬಟ್ಟೆ ಗುಡ್ಡೆ ಬಿದ್ದಿತ್ತು. ಪತ್ರಿಕೆಯನ್ನು ಕೊರಿಯರ್ ಮಾಡಿ, ಫೋಟೋ ವಾಟ್ಸಾಪಿಗೆ ಹಾಕಿದೆ. ಅಕ್ಕ ಮದುವೆಗೆ ಬರಲಿಲ್ಲ. “ನಾ ಏನ್ ಕಾಗದದಾಗ ಕರಿಯೋ ಮಂದಿ ಏನು?” ಎಂದಳಂತೆ. ಅಕ್ಷತೆಯ ಹೊತ್ತಿಗೂ ನಾನು ಮಂಟಪದ ಬಾಗಿಲ ಕಡೆಗೇ ನೋಡುತ್ತಿದ್ದೆ. ಅಂದು ಸಂಜೆಯೇ ಅವಳ ಮನೆಯವರೆಲ್ಲರ ನಂಬರು ಬ್ಲಾಕ್ ಮಾಡಿದೆ. ಇನ್ನು ಈ ಜನ್ಮದಲ್ಲಿ ಆಕೆಯ ಮುಖ ನೋಡುವುದಿಲ್ಲ ಎಂದೆ.

ಕ್ಯಾನ್ಸರ್ ಎಂದು ಗೊತ್ತಾದ ದಿನ ಗಂಡನಿಗೆ ನಾನು ಹೇಳಿದ ಮೊದಲ ಮಾತೂ ಇದೇ. “ಅಕ್ಕನ ಕಿವಿಗೆ ಇದು ಬೀಳಬಾರದು. ಆಕಿ ಬಂದು ಅಯ್ಯೋ ಪಾಪ ಅನ್ನೋದು ನಾ ಕೇಳಾಕಿ ಅಲ್ಲ. ಹೇಳಿದ್ರ ನನ್ನಾಣಿ.” ಅವರು ತಲೆಯಾಡಿಸಿದರು.

ಕ್ಲಾಸಿನ ಮೂರನೇ ವಾರ ನನ್ನ ರಕ್ತದ ಕೌಂಟ್ ಬಿದ್ದಿತ್ತು. ಜನ ಸೇರುವ ಕಡೆ ಹೋಗಬೇಡಿ, ಸೋಂಕು ತಗಲುತ್ತದೆ ಎಂದು ಡಾಕ್ಟರು ಹೇಳಿದ್ದರಿಂದ ಮನೆಯಲ್ಲೇ ಇದ್ದೆ. ಆ ವಾರ ಗಂಡ ಬಂದು, ಕಂಪನಿಯ ಗೆಳೆಯ ದತ್ತಾತ್ರೇಯನ ಹೆಂಡತಿ ಕಿಡ್ನಿ ತೊಂದರೆಯಿಂದ ಆಸ್ಪತ್ರೆಯಲ್ಲಿದ್ದಾಳೆ, ಊಟ ಒಯ್ಯಬೇಕಿತ್ತು ಎಂದರು. ನನ್ನಲ್ಲಿ ಶಕ್ತಿ ಇರಲಿಲ್ಲ, ಆದರೂ ಯಾರದೋ ಮನೆಯ ಹೆಂಗಸು ಎಂದು ಐದು ದಿನ ಜೋಳದ ನುಚ್ಚು ಮಾಡಿಕೊಟ್ಟೆ. ಉಪ್ಪು ಹಾಕುವಂತಿರಲಿಲ್ಲ. ಸಪ್ಪೆ ಹೇಗೆ ಗಂಟಲಲ್ಲಿ ಇಳಿಯಬೇಕು ಎಂದು ನಮ್ಮ ಅವ್ವ ಮಾಡುತ್ತಿದ್ದ ಹಾಗೆ ತುಪ್ಪದಲ್ಲಿ ಜೀರಿಗೆ ಹುರಿದು, ಎರಡು ಎಸಳು ಬೆಳ್ಳುಳ್ಳಿ ಜಜ್ಜಿ ಹಾಕಿದೆ. ಆರನೇ ದಿನ “ಆಕಿ ಡಿಸ್ಚಾರ್ಜ್ ಆದ್ಲು” ಎಂದರು. ನನಗೆ ಸಮಾಧಾನವಾಯಿತು. ಅಂದೇ ಕಂಪನಿಯ ಕೆಲಸವೆಂದು ಎರಡು ದಿನ ಹೊರಗೆ ಹೋದರು. ಮರಳಿ ಬಂದವರು ನನ್ನನ್ನು ಮಾತಾಡಿಸದೆ ನೆಟ್ಟಗೆ ಬಚ್ಚಲಿಗೆ ಹೋಗಿ ತಲೆಯ ಮೇಲೆ ನೀರು ಹೊಯ್ದುಕೊಂಡರು. ಯಾಕೆ ಎಂದು ಕೇಳಿದೆ. ಮೈಮೇಲೆ ಮಾತ್ರೆಯ ಪುಡಿ ಬಿದ್ದಿದೆ ಎಂದರು. ಮಾತ್ರೆ ಕಂಪನಿಯ ಗಂಡನ ಮಾತನ್ನು ನಂಬದೆ ಏನು ಮಾಡಲಿ.

ನಾಲ್ಕನೇ ಗುರುವಾರ ಹಾರೈಕೆಯ ಪಾಠ. ಮನಸ್ಸಿಗೆ ಕಹಿಯಾದ ಒಬ್ಬರನ್ನು ಎದುರಿಗೆ ತಂದುಕೊಂಡು, ಅವರಿಗೆ ಒಳ್ಳೆಯದಾಗಲಿ ಎಂದು ಒಳಗೊಳಗೇ ಹೇಳಬೇಕು. ಯಾರನ್ನು ತಂದುಕೊಂಡಿರಿ ಎಂದು ಸುಹಾಸಿನಿ ಒಬ್ಬೊಬ್ಬರನ್ನೇ ಕೇಳಿದಳು.

“ನಮ್ಮಕ್ಕನ್ನ. ಹುಮನಾಬಾದಿನಾಕಿ,” ಎಂದೆ.

“ಅಷ್ಟ ದೊಡ್ಡ ಸಿಟ್ಟು ಮೊದಲ ಬ್ಯಾಡ್ರೀ. ಬ್ಯಾರೆ ಯಾರ್ನಾರ ತಗೋರಿ,” ಎಂದಳು. ನಾನು ಹಟಮಾರಿ. ತಗೊಂಡರೆ ಅಕ್ಕನನ್ನೇ ಎಂದೆ. ಅವಳು ಮತ್ತೆ ಎದುರಾಡಲಿಲ್ಲ. ನನ್ನ ಪಕ್ಕದಲ್ಲಿ ಕೂತು ಕನ್ನಡದಲ್ಲಿ ಒಂದೊಂದೇ ಸಾಲು ಹೇಳಿಕೊಟ್ಟಳು. ಅಕ್ಕ ಸುಖವಾಗಿರಲಿ. ಅಕ್ಕನ ಮೈಗೆ ನೋವು ಬರದಿರಲಿ. ಅಕ್ಕನ ಮನಸ್ಸು ತಂಪಾಗಿರಲಿ.

ಮೊದಲ ವಾರ ಹಲ್ಲು ಕಚ್ಚಿ ಹೇಳಿದೆ. ಎರಡನೇ ವಾರ ಅಕ್ಕನ ಮುಖದ ಬದಲು ಅವಳ ಕೈ ಕಾಣಿಸಿತು, ಹರಳೆಣ್ಣೆ ಹಚ್ಚಿದ ಕೈ, ನನ್ನ ತಲೆಗೆ ತಿಕ್ಕುತ್ತಿದ್ದದ್ದು. ಮೂರನೇ ವಾರ, ತಪ್ಪು ನನ್ನದೇ ಅಲ್ಲವೇ ಅನ್ನಿಸಿತು. ಬಟ್ಟೆ ಗುಡ್ಡೆಯನ್ನು ಒಂದು ದಿನ ಬಿಟ್ಟು ಬಸ್ಸು ಹತ್ತಿದ್ದರೆ ಏನು ಮುಳುಗುತ್ತಿತ್ತು? ಅಡುಗೆಮನೆಯಲ್ಲಿ, ಮಷಿನ್ನಿನ ಮುಂದೆ, ಕೀಮೋದ ಸೂಜಿ ಚುಚ್ಚುವಾಗ ಕೂಡ ನಾನು ಅಕ್ಕ ಸುಖವಾಗಿರಲಿ ಎನ್ನುತ್ತಿದ್ದೆ. ಗಂಡನ ಎದುರಿಗೂ ಎಷ್ಟೋ ಸಲ ಅಂದಿದ್ದೇನೆ. ಅವರು ಎದ್ದು ಹೊರಗೆ ಹೋಗುತ್ತಿದ್ದರು. ಥರ್ಮಾಮೀಟರಿನ ಹಾಳೆಯಲ್ಲಿ ನನ್ನ ಗುರುತು ಮೂರಕ್ಕೆ ಇಳಿಯಿತು. ಸುಹಾಸಿನಿ ಅದನ್ನು ಬೇರೆ ಡಾಕ್ಟರುಗಳಿಗೂ ತೋರಿಸಿದಳು.

ಎಂಟನೇ ವಾರದ ಹೊತ್ತಿಗೆ ಕೀಮೋ ಮುಗಿದು ಸ್ಕ್ಯಾನ್ ಆಗಿತ್ತು. ಗಂಡ ಡಾಕ್ಟರ ಕೋಣೆಯಿಂದ ಹೊರಗೆ ಬಂದು “ಎಲ್ಲಾ ಕ್ಲೀನ್ ಐತಿ” ಎಂದರು. ಕೊನೆಯ ಕ್ಲಾಸಿನಲ್ಲಿ ನಾನು ಎದ್ದು ನಿಂತು, ಎಲ್ಲರಿಗೂ ತಿಳಿಯಲಿ ಎಂದು ನನ್ನ ಹರಕು ಹಿಂದಿಯಲ್ಲಿ ಹೇಳಿದೆ: ನಾನು ಅಕ್ಕನ ಮನೆಗೆ ಹೋಗುತ್ತೇನೆ, ಆರು ವರ್ಷ ತಡವಾಗಿ ಆ ಪತ್ರಿಕೆಯನ್ನು ಕೈಯಾರೆ ಕೊಟ್ಟು ಬರುತ್ತೇನೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಸುಹಾಸಿನಿ ಮಾತ್ರ ಕ್ಲಾಸು ಮುಗಿದ ಮೇಲೆ ನನ್ನನ್ನು ಬದಿಗೆ ಕರೆದಳು.

“ಅವಸರ ಯಾಕ್ರೀ? ಮೊದಲ ಒಂದ್ ಪತ್ರ ಬರೀರಿ. ಕಳಸೂದ್ ಬ್ಯಾಡ. ಸುಮ್ನ ನಿಮ್ ಸಮಾಧಾನಕ್ಕ.”

ಕಳಿಸದ ಪತ್ರ ಯಾಕೆ ಬರೆಯಬೇಕೋ ನನಗೆ ತಿಳಿಯಲಿಲ್ಲ. ಮನೆಯಲ್ಲಿ ಗಂಡನೂ ಅದೇ ರಾಗ ತೆಗೆದರು. ಬಿಸಿಲು ಇಳಿಯಲಿ, ಶಕ್ತಿ ಬರಲಿ, ಶ್ರಾವಣದಲ್ಲಿ ನೋಡೋಣ. ಇವರಿಬ್ಬರೂ ನನ್ನ ಬಲಹೀನತೆಗೆ ಹೆದರುತ್ತಿದ್ದಾರೆ ಎಂದುಕೊಂಡೆ. ಸೋಮವಾರ ಅವರು ಕಂಪನಿ ಬಸ್ಸು ಹತ್ತಿದ ಮೇಲೆ, ಅಕ್ಕನ ಹಳೆಯ ಅಳತೆಯಲ್ಲಿ ಹೊಲಿದಿಟ್ಟಿದ್ದ ಎರಡು ಬ್ಲೌಸು, ಉಳಿದಿದ್ದ ಮದುವೆ ಪತ್ರಿಕೆ, ಕುಂಕುಮ, ಉಡಿಯ ಸಾಮಾನು ಚೀಲಕ್ಕೆ ಹಾಕಿ, ತಲೆಗೆ ಸ್ಕಾರ್ಫ್ ಬಿಗಿದು ಹುಮನಾಬಾದಿನ ಬಸ್ಸಿನಲ್ಲಿ ಕೂತೆ. ಜಹೀರಾಬಾದ್ ದಾಟುವವರೆಗೂ ಅಕ್ಕ ಬಾಗಿಲು ತೆಗೆದಾಗ ಏನೆಂದು ಮಾತು ಶುರುಮಾಡಲಿ ಎಂದು ಯೋಚಿಸುತ್ತಿದ್ದೆ.

ಬಾಗಿಲು ತೆಗೆದವಳು ಅಕ್ಕನ ಮಗಳು ಸುವರ್ಣಾ. ನನ್ನನ್ನು ನೋಡಿದವಳು ಹೊಸ್ತಿಲಿನಿಂದ ಸರಿಯಲಿಲ್ಲ.

“ಈಗ ಬಂದ್ಯಾ ಚಿಗವ್ವ?” ಎಂದಳು. “ಬರೂದ ಇತ್ತಂದ್ರ ಮಣ್ಣಿಗೆ ಬರಬಾರದಾಗಿತ್ತಾ?”

ಯಾರ ಮಣ್ಣಿಗೆ ಎಂದು ನಾನು ಕೇಳಬೇಕೆನ್ನುವಷ್ಟರಲ್ಲಿ ಅವಳ ಹೆಗಲಾಚೆ ಗೋಡೆಯ ಮೇಲೆ ಅಕ್ಕನ ಫೋಟೋ ಕಂಡಿತು. ಹಾರ ಹಾಕಿದ್ದರು. ಕೆಳಗೆ ಕೂತಿದ್ದ ಭಾವ ಅಮೃತಪ್ಪ ನನ್ನನ್ನು ನೋಡಿ ಎದ್ದು ಒಳಗೆ ಹೋದರು.

“ಯಾವಾಗ?” ಎಂದೆ.

“ಗೊತ್ತಿಲ್ಲದಂಗ ಕೇಳಬ್ಯಾಡ. ಕಿಡ್ನಿ ಹೋಗ್ಯಾವಂತ ಅವ್ವನ್ನ ನಿಮ್ಮ ಹೈದರಾಬಾದಿಗೇ ಕರಕೊಂಡು ಬಂದಿದ್ವಿ. ನಿಮ್ಮ ಮನೀಗೆ ನಾಕ್ ಮೆಟ್ರೋ ಸ್ಟೇಷನ್. ಐದ್ ದಿನ ಇದ್ಲು. ನಿನ್ನ ಫೋನ್ ಹತ್ತಲಿಲ್ಲ, ಕಾಕಾಗ ಹೇಳಿದ್ವಿ. ಕಾಕಾ ದಿನಾ ಬರ್ತಿದ್ರು, ಬುತ್ತಿ ತರ್ತಿದ್ರು. ನೀ ಯಾಕ ಬರವಲ್ಲಿ ಅಂತ ಕೇಳಿದ್ರ ತಲಿ ತಗ್ಗಸ್ತಿದ್ರು.”

ಬುತ್ತಿ ಎಂದಾಗಲೇ ನನಗೆ ದತ್ತಾತ್ರೇಯನ ಹೆಂಡತಿ ನೆನಪಾದಳು. ಸುವರ್ಣಾ ಮುಂದುವರಿಸುತ್ತಲೇ ಇದ್ದಳು, ಐದು ವಾರ ಒಳಗಿಟ್ಟುಕೊಂಡದ್ದು.

“ಅವ್ವ ಒಂದ ತುತ್ತಿಗೆ ಹಿಡದ್ಲು. ಇದು ನಮ್ ಗುರುದೇವಿ ಕೈಯಾಂದು ಅಂದ್ಲು. ಐದು ದಿನಾನೂ ಅದನ್ನ ಉಂಡ್ಲು, ಬ್ಯಾರೆ ಏನೂ ಮುಟ್ಟಲಿಲ್ಲ. ಕಡೀ ದಿನ ಏನಂದ್ಲು ಗೊತ್ತೈತೇನು? ಆವತ್ತು ಪತ್ರಿಕಿ ಕಳಿಸಿದ್ಲು, ಇವತ್ತು ಬುತ್ತಿ ಕಳಿಸ್ಯಾಳ. ಮಾರಿ ಮಾತ್ರ ತೋರಸವಲ್ಲಳು. ಇನ್ನೂ ಸಿಟ್ಟು ಇಳಿದಿಲ್ಲೇನ ಆಕಿದು, ಅಂದ್ಲು.”

ನಾನು ಹೊಸ್ತಿಲ ಮೇಲೆಯೇ ಕುಸಿದು ಕೂತೆ. ಬಾಗಿಲ ಚಿಲಕಕ್ಕೆ ಸಿಕ್ಕು ಸ್ಕಾರ್ಫ್ ಜಾರಿತು. ಸುವರ್ಣಾ ನನ್ನ ಬೋಳು ತಲೆ ನೋಡಿದಳು, ಆಮೇಲೆ ಸೆರಗು ಸರಿದ ಕಡೆ ಚಪ್ಪಟೆಯಾದ ಎದೆ ನೋಡಿದಳು. ಹೈದರಾಬಾದಿನ ಆಸ್ಪತ್ರೆಯಲ್ಲಿ ಅಮ್ಮನನ್ನು ಇಟ್ಟುಕೊಂಡು ಕೂತಿದ್ದವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವಳು ನನ್ನೆದುರು ನೆಲದ ಮೇಲೆ ಕೂತಳು.

“ಇದನ್ನ ಒಂದ್ ಮಾತು ಅವ್ವಗ ಹೇಳಿದ್ರ,” ಎಂದಳು. ಇಬ್ಬರೂ ಹೊಸ್ತಿಲ ಎರಡು ಬದಿಗೆ ಕೂತು ಅತ್ತೆವು.

ಗಂಡನಿಗೆ ಫೋನ್ ಮಾಡಿ ಹುಮನಾಬಾದಿನಲ್ಲಿದ್ದೇನೆ ಎಂದಷ್ಟೇ ಹೇಳಿದೆ. ಆ ಕಡೆ ಮಷಿನ್ನುಗಳ ಸದ್ದಿನ ನಡುವೆ ಅವರ ಉಸಿರು ಕೇಳಿಸಿತು. ಬರುತ್ತೇನೆ ಎಂದರು. ಆಮೇಲೆ ತಾವಾಗಿಯೇ, “ನನಗ ತಿಳೀಲಿಲ್ಲ ದೇವಿ. ಸುಹಾಸಿನಿ ಮೇಡಮ್ಮಗ ಕೇಳಿದ್ನಿ. ಸದ್ಯ ತಡೀರಿ ಅಂದ್ರು,” ಎಂದರು.

ಆ ಹೆಸರು ನಾನು ಎಣಿಸಿರಲಿಲ್ಲ. ಗಂಡ ಮುಚ್ಚಿಟ್ಟದ್ದು ಒಂದು ತೂಕ. ಕಾಯಿಲೆ ಬಿದ್ದವರಿಗೆ ಸಾವಿನ ಸುದ್ದಿ ಹೇಳಬಾರದು ಎಂಬುದು ನಮ್ಮ ಮಂದಿಯ ರಕ್ತದಲ್ಲೇ ಇದೆ. ನಾನೂ ನಮ್ಮ ಅತ್ತೆಗೆ ಹಾಗೆ ಮುಚ್ಚಿಟ್ಟವಳೇ. ಆದರೆ ಇವಳು? ಇದ್ದದ್ದನ್ನು ಇದ್ದ ಹಾಗೆ ನೋಡಿ ಎಂದವಳು? ಕೂಡಲೇ ಅವಳಿಗೆ ಫೋನ್ ಹಚ್ಚಿದೆ.

“ನಿಮಗ ಯಾವಾಗ ಗೊತ್ತಿತ್ತು?” ಎಂದೆ.

ಅವಳು ತಡವರಿಸಲಿಲ್ಲ, ಅಷ್ಟು ಮಟ್ಟಿಗೆ ಒಪ್ಪುತ್ತೇನೆ. “ಮೂರನೇ ವಾರ ರೀ. ಅವ್ರು ಆಸ್ಪತ್ರಿಯೊಳಗ ಇದ್ದಾಗನ. ನಿಮ್ಮ ಕೌಂಟ್ ಭಾಳ ಕಡಿಮಿ ಇತ್ತು. ಮನಸ್ಸು ಆಗಷ್ಟ ತಿಳಿಯಾಗಾಕತ್ತಿತ್ತು.”

“ಅಂದ್ರ ಸತ್ತಾಕಿ ಮೈಗೆ ನೋವು ಬರದಿರ್ಲಿ ಅಂತ ನನ್ನ ಬಾಯಿಲೆ ಐದು ಗುರುವಾರ ಅನಿಸಿದ್ರಿ.”

“ಅದರಿಂದ ನಿಮಗ ಹಗುರ ಆತಲ್ರೀ. ಗಟ್ಟಿಯಾದ ಮ್ಯಾಲ ನಾನ ಕುಂತು ಹೇಳಬೇಕಂತ ಮಾಡಿದ್ದೆ. ದಿನ ಮುಂದ ಮುಂದ ಹೋತು. ಅದು ನನ್ನ ತಪ್ಪು.” ಆಮೇಲೆ ಹೇಳಿದಳು, “ಆವಾಗ ಹೇಳಿದ್ರೂ ನೀವು ಹೋಗ್ತಿರಲಿಲ್ಲೇನೋ. ಆಕಿ ಮಾರಿ ನೋಡೂದಿಲ್ಲ ಅಂತ ನೀವ ಅಂದಿದ್ರಿ.”

ಅದು ಸುಳ್ಳಲ್ಲ. ಮೂರನೇ ವಾರದ ನಾನು ಹೋಗದೆಯೂ ಇರಬಹುದಿತ್ತು.

“ಹೋಗ್ತಿದ್ನೋ ಬಿಡ್ತಿದ್ನೋ, ಅದು ನನ್ನ ಕೆಲಸ ಆಗಿತ್ತು,” ಎಂದೆ. “ಹೋಗದಿದ್ರ ಆ ಪಾಪ ನಂದು ಅಂತ ಹೊತಗೊಂಡು ತಿರುಗ್ತಿದ್ದೆ. ನೀವು ಅದನ್ನೂ ನನಗ ಬಿಡಲಿಲ್ಲ. ನನಗ ಹಗುರ ಆಗೂದು ಬ್ಯಾಡಾಗಿತ್ತು ತಂಗಿ. ನಾಕ್ ಸ್ಟೇಷನ್ ದಾಟೂದು ಬೇಕಾಗಿತ್ತು.”

ಅವಳು ಅಳುತ್ತಿದ್ದಳೋ ಏನೋ. ನಾನು ಫೋನ್ ಇಟ್ಟೆ.

ಸಂಜೆ ನಾಲ್ಕೂವರೆಗೆ ಗಂಡ ಬಂದರು, ಕಂಪನಿಯ ನೀಲಿ ಅಂಗಿಯಲ್ಲೇ. ಸುವರ್ಣಾ ನಮ್ಮಿಬ್ಬರಿಗೂ ಚಹಾ ತಂದಿಟ್ಟು ಒಳಗೆ ಹೋದಳು. ಅವರು ನನ್ನೆದುರು ಕೂತು ಎಲ್ಲವನ್ನೂ ಹೇಳಿದರು. ಅಕ್ಕನ ಹಾಸಿಗೆಯ ಪಕ್ಕ ನಿಂತು ಎಷ್ಟೋ ಸಲ ನನ್ನ ಕಾಯಿಲೆಯ ಮಾತು ಬಾಯಿಗೆ ಬಂದಿತ್ತಂತೆ. “ನೀನ ಆಣಿ ಹಾಕಿದ್ದಿ,” ಎಂದರು. ನನ್ನ ಆಣೆಯನ್ನು ಅವರು ಅಕ್ಷರಶಃ ಪಾಲಿಸಿದ್ದರು. ಅದಕ್ಕಾಗಿ ಅವರ ಮೇಲೆ ರೇಗೋಣವೆಂದರೆ ರೇಗಲೂ ಬಾರದಂತೆ ನಾನೇ ಮಾಡಿಟ್ಟಿದ್ದೆ. ದತ್ತಾತ್ರೇಯನಿಗೆ ಹೆಂಡತಿಯೇ ಇಲ್ಲ, ಮದುವೆಯೇ ಆಗಿಲ್ಲ ಎಂದೂ ಹೇಳಿದರು. ಕೇಳುತ್ತ ಕೇಳುತ್ತ ನನ್ನೊಳಗೆ ಬೇರೊಂದು ಮಾತು ಎದ್ದಿತು.

“ರೀ,” ಎಂದೆ. “ನನ್ನ ಸ್ಕ್ಯಾನಿನ್ಯಾಗ ಏನ್ ಬಂದೈತಿ?”

ಅವರು ಚಹಾದ ಕಪ್ಪು ಕೆಳಗಿಟ್ಟರು. “ಕ್ಲೀನ್ ಐತಿ. ಹೇಳಿದ್ನಲ್ಲ.”

“ಡಾಕ್ಟರ್ ಹೇಳಿದ್ದು ಕೇಳಾಕತ್ತೀನಿ. ನೀವು ಹೇಳಿದ್ದಲ್ಲ.”

“ನಿನ್ನಾಣಿಗೂ ಕ್ಲೀನ್ ಐತಿ ದೇವಿ,” ಎಂದು ನನ್ನ ಕೈ ಹಿಡಿದುಕೊಂಡರು.

ನಿಜವೇ ಇರಬಹುದು. ದನಿ ಒಂದಿಷ್ಟೂ ನಡುಗಲಿಲ್ಲ. ಆದರೆ ಡಿಸ್ಚಾರ್ಜ್ ಆದಳು ಎಂದಾಗಲೂ ನಡುಗಿರಲಿಲ್ಲ. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಮೊದಲ ಸಲ ನಾನು, ಅವರ ಮಾತು ಮುಗಿದ ಮೇಲೂ ಅವರ ಮುಖವನ್ನೇ ನೋಡುತ್ತ, ಅದರಲ್ಲಿ ಸುಳ್ಳು ಎಲ್ಲಿದೆ ಎಂದು ಹುಡುಕುತ್ತ ಕೂತೆ.